ನವಿಲು, ಗಿಳಿ, ಮತ್ತೊಂದು ಯಾವುದೋ ಹಕ್ಕಿ: ತರಕಾರಿ ಉಳಿಸಿಕೊಳ್ಳೋದು ಹೇಗೆ?

ಬೋರು-ಬದುಕು (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಹತ್ತಿರ, ಜೋಗಿಮಟ್ಟಿ ಕಾಡಿನ ಅಂಚಿಗೆ ನಮ್ಮದು ಮುಕ್ಕಾಲು ಎಕರೆ ಹೊಲ. ಕೆಂಪು ಮಣ್ಣು, ಒಂದು ಬೋರು, ಡ್ರಿಪ್. ಮನೆಯವರು ದುರ್ಗದಲ್ಲಿ ಟೈರ್ ಅಂಗಡಿ ಕೆಲಸಕ್ಕೆ ಹೋಗುತ್ತಾರೆ. ಹೊಲ ನೋಡಿಕೊಳ್ಳೋದು ನಾನು ಮತ್ತು ನಮ್ಮತ್ತೆ. ಈಗ 15 ಗುಂಟೆ ಟೊಮೆಟೊ, 8 ಗುಂಟೆ ಮೆಣಸಿನಕಾಯಿ, 4 ಗುಂಟೆ ಹಾಗಲ ಚಪ್ಪರ, ಮಿಕ್ಕ ಜಾಗದಲ್ಲಿ ಕೊತ್ತಂಬರಿ, ಮೆಂತ್ಯದ ಮಡಿ.

ಗಿಡಕ್ಕೆ ರೋಗ ಬಂದರೆ ಔಷಧಿ ಅಂಗಡಿಯವರು ಏನಾದರೂ ಕೊಡುತ್ತಾರೆ. ಹಕ್ಕಿ ಬಂದರೆ ಯಾರನ್ನ ಕೇಳೋದು? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನವಿಲಿನಿಂದ ಶುರು ಮಾಡುತ್ತೇನೆ. ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ, ಗುಡ್ಡದ ಕಡೆ ಬದುವಿನಿಂದ ಸಾಲಾಗಿ ಇಳಿಯುತ್ತವೆ. ಹಾರಿಕೊಂಡು ಬರೋದಿಲ್ಲ. ಸಂತೆಗೆ ಬಂದವರ ಹಾಗೆ ಆ ಕಡೆ ಈ ಕಡೆ ನೋಡುತ್ತಾ ನಡೆದೇ ಬರುತ್ತವೆ. ಬಿತ್ತಿದ ಕೊತ್ತಂಬರಿ ಮಡಿ ಕೆದರಿ ಬೀಜ ಹೆಕ್ಕುತ್ತವೆ. ಮೊಳಕೆ ಬಂದಿದ್ದರೆ ಅದನ್ನೂ ಬಿಡೋದಿಲ್ಲ. ಹೊಸದಾಗಿ ನೆಟ್ಟ ಟೊಮೆಟೊ ಸಸಿಯ ಕುಡಿ ಚಿವುಟಿ ಅಲ್ಲೇ ಹಾಕಿರುತ್ತವೆ. ತಿಂದಿದ್ದರೆ ಹೊಟ್ಟೆಗಾದರೂ ಆಯಿತು ಅನ್ನಬಹುದಿತ್ತು.

ಬಿಸಿಲು ಏರಿದ ಮೇಲೆ ಗಿಳಿ ಹಿಂಡು. ಮೆಣಸಿನ ಗಿಡದ ಮೇಲೆ ಕೂತರೆ ಎಲೆ ಯಾವುದು ಗಿಳಿ ಯಾವುದು ಗೊತ್ತೇ ಆಗೋದಿಲ್ಲ. ಕೆಂಪಗಾಗುತ್ತಿರೋ ಕಾಯಿಯನ್ನ ತೊಟ್ಟಿನ ಹತ್ತಿರ ಕತ್ತರಿಸಿ, ಸೀಳಿ, ಬೀಜ ತಿಂದು ಸಿಪ್ಪೆ ಕೆಳಗೆ ಬೀಳಿಸುತ್ತವೆ. ಬೀಜಕ್ಕೆ ಅಂತ ಬಿಟ್ಟ ಹಾಗಲಕಾಯಿಗೂ ಅದೇ ಗತಿ. ಇನ್ನು ಟೊಮೆಟೊ. ಬಣ್ಣ ಬಂದ ದಿನವೇ ತೂತು ಬಿದ್ದಿರುತ್ತದೆ. ಯಾವ ಹಕ್ಕಿ ಅಂತ ಗೊತ್ತಿಲ್ಲ. ನಾನು ಹೋಗೋ ಹೊತ್ತಿಗೆ ಅದು ಇರೋದಿಲ್ಲ.

ಏನೇನು ಮಾಡಿದ್ದೀವಿ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದನ್ನೇ ಹೇಳುತ್ತೀರಿ. ಮಾವನವರ ಹಳೇ ಅಂಗಿ ಹಾಕಿ ಬೆರ್ಚಪ್ಪ ನಿಲ್ಲಿಸಿದ್ದೀವಿ. ಅದರ ನೆರಳಲ್ಲಿ ಹೆಣ್ಣು ನವಿಲು ಮಣ್ಣಲ್ಲಿ ಹೊರಳಾಡುತ್ತಿತ್ತು. ಹಳೇ ಸಿಡಿ ಕಟ್ಟಿದ್ದೀವಿ, ಮೊದಲು ಸ್ವಲ್ಪ ದಿನ ಹೆದರಿದವು. ಆಮೇಲೆ ಫೋನಿನಲ್ಲಿ ಜಾಹೀರಾತು ನೋಡಿ ಮನೆಯವರು ಒಂದು ಯಂತ್ರ ತರಿಸಿದರು. ಮನುಷ್ಯರ ಕಿವಿಗೆ ಕೇಳಿಸದ ಸದ್ದು ಮಾಡುತ್ತದಂತೆ, ಹಕ್ಕಿಗಳು ಓಡಿಹೋಗುತ್ತವಂತೆ. ಗೂಟಕ್ಕೆ ಕಟ್ಟಿದ್ದೀವಿ, ಕೆಂಪು ಲೈಟು ಹತ್ತುತ್ತದೆ. ಅದರ ಮೇಲೆ ಪಿಕಳಾರ (ಬುಲ್‌ಬುಲ್ ಹಕ್ಕಿ) ಕೂತಿತ್ತು. ವಾಪಸ್ ತಗೊಳ್ಳಿ ಅಂದರೆ ಫೋನ್ ಎತ್ತೋದಿಲ್ಲ.

ಪಕ್ಕದ ಹೊಲದವರು ಕಾಳಿಗೆ ವಿಷ ಸವರಿ ಇಡಿ ಅಂತಾರೆ. ಅದು ನನ್ನ ಕೈಲಿ ಆಗೋದಿಲ್ಲ, ಅದನ್ನ ಬಿಟ್ಟು ಬೇರೆ ಹೇಳಿ. ಪೂರ್ತಿ ಹೊಲಕ್ಕೆ ಬಲೆ ಹಾಕೋಣ ಅಂದರೆ ಈ ಸಲದ ಟೊಮೆಟೊ ದುಡ್ಡೆಲ್ಲಾ ಬಲೆಗೇ ಹೋಗುತ್ತದೆ. ಕೈಯಲ್ಲಿ ಸ್ವಲ್ಪವೇ ದುಡ್ಡಿದೆ. ಯಾವುದಕ್ಕೆ ಹಾಕಲಿ, ಯಾವುದನ್ನ ಬಿಡಲಿ? ಅನುಭವ ಇರೋರು ಹೇಳಿ.


ಹೊಳೆದಂಡೆ (ಹರಿಹರ)

ಅಕ್ಕಾ, ಇಷ್ಟೆಲ್ಲಾ ಯಾಕೆ ತಲೆ ಕೆಡಿಸಿಕೊಳ್ತೀರಾ. ಪಿವಿಸಿ ಪೈಪಿನ ಕಾರ್ಬೈಡ್ ಗನ್ ಸಿಗುತ್ತೆ. ಒಂದು ಚೂರು ಕಾರ್ಬೈಡ್, ನಾಲ್ಕು ಹನಿ ನೀರು, ಢಂ! ಊರಾಚೆವರೆಗೂ ಕೇಳಿಸುತ್ತೆ. ನಮ್ಮ ಕಡೆ ಮುಸುಕಿನ ಜೋಳಕ್ಕೆ ಹಂದಿ ಬಂದಾಗ ಅದನ್ನೇ ಹೊಡೆಯೋದು. ಗಿಳಿ ತಿರುಗಿ ನೋಡಲ್ಲ.


ತಾರಸಿ ತೋಟ (ದಾವಣಗೆರೆ)

ನನ್ನದು ಮನೆ ಮೇಲಿನ ತೋಟ, ನಿಮ್ಮಷ್ಟು ದೊಡ್ಡದಲ್ಲ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ರುಬ್ಬಿ ನೀರಲ್ಲಿ ಸೋಸಿ ಸಿಂಪಡಿಸಿ. ಖಾರಕ್ಕೆ ಯಾವ ಹಕ್ಕಿಯೂ ಮುಟ್ಟೋದಿಲ್ಲ ಅಂತ ವಿಡಿಯೋದಲ್ಲಿ ನೋಡಿದ್ದೆ. ಪೂರ್ತಿ ಸಾವಯವ.


ಕೊಂಡುಕುರಿ ಸೀಮೆ (ಜಗಳೂರು)

ತಂಗಿ, ಮೊದಲು ಮೇಲಿನ ಎರಡು ಉತ್ತರಕ್ಕೆ ನನ್ನ ಮಾತು ಹೇಳಿಬಿಡುತ್ತೇನೆ, ಆಮೇಲೆ ನಿನ್ನ ಹೊಲಕ್ಕೆ ಬರುತ್ತೇನೆ.

ಹರಿಹರದ ತಮ್ಮಾ, ಕಾರ್ಬೈಡ್ ಗನ್ ಮಾತು ಬಿಡು. ಕಾರ್ಬೈಡಿಗೆ ನೀರು ಬಿದ್ದರೆ ಬರೋದು ಅಸಿಟಲೀನ್, ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಕತ್ತರಿಸೋ ಗ್ಯಾಸು. ಅದನ್ನ ಪ್ಲಾಸ್ಟಿಕ್ ಪೈಪಿನಲ್ಲಿ ತುಂಬಿ ಮುಖದ ಹತ್ತಿರ ಹಿಡಿಯೋದು. ಹೊತ್ತಿಕೊಳ್ಳಲಿಲ್ಲ ಅಂತ ಬಗ್ಗಿ ನೋಡಿದಾಗಲೇ ಹೊತ್ತಿಕೊಳ್ಳುತ್ತದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಗಿದ್ದು ಇದರಿಂದಲೇ. ಅಲ್ಲದೆ ಇವರ ಹೊಲ ಇರೋದು ಕಾಡಿನ ಅಂಚಿಗೆ. ಅಲ್ಲಿ ಢಂ ಅನಿಸಿದರೆ ಗಿಳಿಗಿಂತ ಮೊದಲು ಅರಣ್ಯ ಇಲಾಖೆಯವರು ಬರುತ್ತಾರೆ.

ತಾರಸಿ ತೋಟದ ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ಮೆಣಸಿನಕಾಯಿ ತಿನ್ನೋಕೇ ಬಂದ ಗಿಳಿಗೆ ಮೆಣಸಿನಕಾಯಿ ನೀರು ಹೊಡೆದರೆ ಏನಾದೀತು? ಹಕ್ಕಿಗೆ ಖಾರ ಹತ್ತೋದಿಲ್ಲ. ಖಾರ ಹತ್ತೋದು ನಮಗೆ, ಇಲಿಗೆ, ಅಳಿಲಿಗೆ, ಮಂಗಕ್ಕೆ. ಕಾಡಿನಲ್ಲಿ ಮೆಣಸಿನ ಬೀಜ ಹರಡೋದೇ ಹಕ್ಕಿಗಳು. ಆ ನೀರು ಅಳಿಲಿಗೆ ಆದೀತು.

ಇನ್ನು ಆ ಯಂತ್ರ. ನಮ್ಮ ಕಿವಿಗೆ ಕೇಳಿಸದಷ್ಟು ಕೀರಲು ದನಿ ಹಕ್ಕಿಗೂ ಕೇಳಿಸೋದಿಲ್ಲ. ನಾಯಿಗೆ, ಬಾವಲಿಗೆ, ಇಲಿಗೆ ಕೇಳಿಸುತ್ತದೆ. ಪಿಕಳಾರ ಅದರ ಮೇಲೆ ಕೂತಿದ್ದರಲ್ಲಿ ಆಶ್ಚರ್ಯ ಇಲ್ಲ. ಮಾರಿದವನಿಗೆ ಇದು ಗೊತ್ತಿರುತ್ತದೆ.

ಈಗ ನಿನ್ನ ಹೊಲ. ಯಾವ ಹಕ್ಕಿ, ಯಾವ ಬೆಳೆಗೆ, ಬೆಳೆ ಎಷ್ಟು ಬಲಿತಾಗ, ದಿನದ ಯಾವ ಹೊತ್ತಿನಲ್ಲಿ ಬರುತ್ತದೆ ಅಂತ ಮೊದಲು ಬೇರೆ ಬೇರೆ ಮಾಡಿಕೋ. ನೀನು ಅರ್ಧ ಮಾಡಿದ್ದೀಯ. ಮುಕ್ಕಾಲು ಎಕರೆಗೂ ವರ್ಷವಿಡೀ ಕಾವಲು ಬೇಕಾಗೋದಿಲ್ಲ. ಕೊತ್ತಂಬರಿಗೆ ಬೇಕಾಗೋದು ಮೊಳಕೆ ಬರುವವರೆಗೆ. ಟೊಮೆಟೊಗೆ ಎಳೆ ಸಸಿ ಇದ್ದಾಗ, ಮತ್ತೆ ಬಣ್ಣ ತಿರುಗುವಾಗ. ನಡುವಿನ ಅಷ್ಟು ದಿನ ಹಕ್ಕಿ ಬಂದರೂ ಹುಳ ತಿನ್ನೋಕೆ ಬಂದಿರುತ್ತದೆ. ಆಗ ಓಡಿಸಿದರೆ ನಿನಗೇ ನಷ್ಟ.

ಟೊಮೆಟೊ ತೂತು ಯಾರದ್ದು ಅಂತ ಹಣ್ಣೇ ಹೇಳುತ್ತದೆ. ನಾಲ್ಕು ಹಣ್ಣು ಕಿತ್ತು ಕೈಯಲ್ಲಿಟ್ಟುಕೊಂಡು ನೋಡು. ಸಣ್ಣ ಸಣ್ಣ ಗೀಚು, ಮೂಲೆ ಇರೋ ಗಾಯ, ಒಂದೇ ಹಣ್ಣಿನಲ್ಲಿ ಎರಡು ಮೂರು ಕಡೆ ಇದ್ದರೆ ಪಿಕಳಾರ. ದೊಡ್ಡದಾಗಿ ಬಗೆದು ಒಳಗಿನ ತಿರುಳು ಎಳೆದಿದ್ದರೆ ಗೊರವಂಕ. ನೆಲಕ್ಕೆ ತಾಗೋ ಗೊಂಚಲಿನಲ್ಲೇ ಹಾಳಾಗಿ, ಮೇಲಿನದು ಚೆನ್ನಾಗಿದ್ದರೆ ನವಿಲು. ಹತ್ತಿರ ಮಣ್ಣಿನಲ್ಲಿ ಮೂರು ಬೆರಳಿನ ದೊಡ್ಡ ಹೆಜ್ಜೆ ಇರುತ್ತದೆ. ಅಕ್ಕಪಕ್ಕ ಎರಡು ಹಲ್ಲಿನ ಗುರುತು, ಅದೂ ರಾತ್ರಿ ಬೆಳಗಾಗೋದರೊಳಗೆ ಆಗಿದ್ದರೆ ಇಲಿ. ಹಕ್ಕಿ ಮೇಲೆ ಸುಮ್ನೆ ಗೂಬೆ ಕೂರಿಸಬೇಡ. ತೊಟ್ಟಿನ ಹತ್ತಿರ ದುಂಡಗೆ, ಪೆನ್ಸಿಲಿನಿಂದ ಕೊರೆದಂತಹ ತೂತು ಇದ್ದು ಅದರ ಬಾಯಲ್ಲಿ ಹಿಕ್ಕೆ ಇದ್ದರೆ ಅದು ಕಾಯಿಕೊರಕ ಹುಳ. ಎಷ್ಟೋ ಸಲ ಹುಳ ಕೊರೆದ ಹಣ್ಣಿಗೇ ಹಕ್ಕಿ ಬಂದು, ಹುಳ ಹುಡುಕುತ್ತಾ ತೂತು ದೊಡ್ಡದು ಮಾಡುತ್ತದೆ. ಆ ಹಣ್ಣು ಹೇಗೂ ಹೋಗಿತ್ತು. ಮುಂದಿನ ನಾಟಿಗೆ 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಚೆಂಡುಹೂ ಹಾಕು. ಹುಳದ ಚಿಟ್ಟೆ ಹೂವಿಗೆ ಹೋಗಿ ಮೊಟ್ಟೆ ಇಡುತ್ತದೆ.

ಹಣ್ಣು ತಿನ್ನೋ ಹಕ್ಕಿಗೆ ದುಡ್ಡು ಖರ್ಚಿಲ್ಲದ ಉಪಾಯ ಇದೆ. ದೋರಗಾಯಿ ಇದ್ದಾಗಲೇ ಕಿತ್ತುಬಿಡು. ಕೆಳ ತುದಿಯಲ್ಲಿ ಹಸಿರು ಹೋಗಿ ತೆಳು ಗುಲಾಬಿ ಬಣ್ಣ ಕಂಡರೆ ಸಾಕು, ಅದು ಕಿತ್ತ ಮೇಲೂ ಚೆನ್ನಾಗಿ ಹಣ್ಣಾಗುತ್ತದೆ. ದೂರದ ಮಾರುಕಟ್ಟೆಗೆ ಹೇಗೂ ಹಾಗೇ ಕೀಳೋದು. ಹಕ್ಕಿಗೆ ಕೆಂಪು ಕಣ್ಣಿಗೆ ಬಿದ್ದ ಮೇಲೆಯೇ ಆಸೆ. ನಮ್ಮ ಬೇಸಿಗೆ ಬಿಸಿಲಿನಲ್ಲಿ ಗಿಡದಲ್ಲೇ ಬಿಟ್ಟರೆ ಬಣ್ಣವೂ ಸರಿಯಾಗಿ ಬರೋದಿಲ್ಲ, ಹಳದಿ ಹೊಡೆಯುತ್ತದೆ. ಮನೆಯೊಳಗೆ ತಂಪು ಜಾಗದಲ್ಲಿ ಹರಡಿದರೆ ಒಂದೇ ಸಮ ಕೆಂಪಾಗುತ್ತದೆ. ಎರಡು ದಿನಕ್ಕೊಮ್ಮೆ ಕೀಳಬೇಕಾಗುತ್ತದೆ, ಅಷ್ಟು ಕೂಲಿ ಜಾಸ್ತಿ. ಲೆಕ್ಕ ಹಾಕಿ ನೋಡು, ಬಲೆಗಿಂತ ಅಗ್ಗ.

ಮೆಣಸಿನಕಾಯಿಯದ್ದೂ ಇದೇ ಲೆಕ್ಕ. ಹಸಿಯಾಗಿ ಮಾರುವವಳು ಗಿಡದಲ್ಲಿ ಕೆಂಪು ಯಾಕೆ ಬಿಡುತ್ತೀಯ? ಬೀಜಕ್ಕೆ ಬೇಕಾದರೆ ಒಂದೆರಡು ಗಿಡ ಆರಿಸಿ ಅವಕ್ಕೆ ಮಾತ್ರ ಹಳೇ ಸೊಳ್ಳೆಪರದೆ ಹೊದಿಸು.

ಗಿಳಿಗೆ ಮಿಂಚುಪಟ್ಟಿ ಕೆಲಸ ಮಾಡುತ್ತದೆ. ಒಂದು ಕಡೆ ಕೆಂಪು, ಒಂದು ಕಡೆ ಬೆಳ್ಳಿ ಬಣ್ಣ ಇರೋ ರಿಬ್ಬನ್. ಸಿಡಿಗಿಂತ ಇದು ಮೇಲು, ಯಾಕೆಂದರೆ ಹೊಳೆಯೋದರ ಜೊತೆಗೆ ಗಾಳಿಗೆ ಗುಂಯ್ ಅಂತ ಸದ್ದೂ ಮಾಡುತ್ತದೆ. ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ನಿನ್ನಲ್ಲಿ ಗಾಳಿಗೇನೂ ಕೊರತೆ ಇಲ್ಲ. ಗಿಡಕ್ಕಿಂತ ಒಂದು ಅಡಿ ಮೇಲೆ, ಉತ್ತರ ದಕ್ಷಿಣವಾಗಿ, ಸುಮಾರು 15 ಅಡಿಗೊಂದು ಎಳೆ. ಕಟ್ಟುವಾಗ ಎರಡು ಮೂರು ಸುತ್ತು ತಿರುಚು, ಬಿಗಿಯಾಗಿ ಎಳೆಯಬೇಡ, ಬಿಗಿಯಾದರೆ ಗುಂಯ್ಗುಡೋದಿಲ್ಲ, ಗಾಳಿ ಜಾಸ್ತಿಯಾದಾಗ ಕಿತ್ತುಹೋಗುತ್ತದೆ. ಇದೂ ಎರಡು ವಾರದ ಆಟ ಅಷ್ಟೇ. ಆಮೇಲೆ ಗಿಳಿಗೆ ಗೊತ್ತಾಗುತ್ತದೆ. ಅದಕ್ಕೇ ಕಾಯಿ ಬಲಿಯೋ ಮುಂಚೆ ಕಟ್ಟಬಾರದು. ಕೊಯ್ಲು ಆದ ಕೂಡಲೇ ಬಿಚ್ಚಿ ಮನೆಗೆ ತರಬೇಕು. ವರ್ಷವಿಡೀ ತೂಗಾಡೋ ಸಿಡಿಗೆ ಯಾವ ಹಕ್ಕಿ ಹೆದರೀತು?

ಕೊತ್ತಂಬರಿ ಮಡಿಗೆ ಜಾಲಿ ಮುಳ್ಳಿನ ಕೊಂಬೆ ಹರಡು, ಇಲ್ಲವೇ ಹಳೇ ನೆರಳು ಪರದೆ ಹಾಸಿ ಅಂಚಿಗೆ ಮಣ್ಣು ಕೊಡು. ನೀರು ಅದರ ಮೇಲೇ ಹಾಯಿಸಬಹುದು, ಬೇಸಿಗೆಯಲ್ಲಿ ಮಡಿ ಆರೋದೂ ಇಲ್ಲ. ಮೆಂತ್ಯ ಬೇಗ ಮೊಳೆಯುತ್ತದೆ. ಕೊತ್ತಂಬರಿ ತಡ, ಎಂಟು ಹತ್ತು ದಿನ ಹಿಡಿಯುತ್ತದೆ. ಮೊಳಕೆ ತಲೆ ಎತ್ತಿದ ಮೇಲೆ ಸಂಜೆ ಹೊತ್ತು ಪರದೆ ತೆಗೆ. ಮಧ್ಯಾಹ್ನ ತೆಗೆದರೆ ಬಾಡುತ್ತದೆ.

ನವಿಲಿಗೆ ಹಳೇ ಸೀರೆ. ಅದು ನಡೆದು ಬರೋ ಪ್ರಾಣಿ ಅಂತ ನೀನೇ ನೋಡಿದ್ದೀಯ. ಆಚೆ ಏನಿದೆ ಅಂತ ಕಾಣದಿದ್ದರೆ ಒಳಗೆ ಕಾಲಿಡೋಕೆ ಹಿಂಜರಿಯುತ್ತದೆ. ಗುಡ್ಡದ ಕಡೆಯ ಬದುವಿಗೆ, ಎರಡೂ ಮೂಲೆ ತಿರುಗಿಸಿ, ಎದೆಮಟ್ಟಕ್ಕೆ ಸೀರೆ ಕಟ್ಟು. ಮೇಲೂ ಕೆಳಗೂ ತಂತಿಗೆ ಹೊಲಿಯಬೇಕು, ಕೆಳಗೆ ಸಂದು ಬಿಟ್ಟರೆ ನುಸುಳುತ್ತದೆ. ಹತ್ತಿ ಸೀರೆ ಬಿಸಿಲಿಗೆ ಬೇಗ ಹರಿಯುತ್ತದೆ, ಪಾಲಿಸ್ಟರ್ ತಡೆಯುತ್ತದೆ. ನಮ್ಮ ಕಡೆ ರಂಗಯ್ಯನದುರ್ಗದ ಕಾಡಿನ ಅಂಚಿನ ಹೊಲಗಳಿಗೆಲ್ಲಾ ಬಣ್ಣಬಣ್ಣದ ಬೇಲಿ. ದೂರದಿಂದ ನೋಡಿದರೆ ಮದುವೆ ಮನೆ ಅನ್ನಬೇಕು.

ವಿಷ ಬೇಡ ಅಂದೆಯಲ್ಲ, ಒಳ್ಳೇದು. ಪಕ್ಕದವರಿಗೂ ಹೇಳು. ನವಿಲು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊದಲ ಪಟ್ಟಿಯಲ್ಲಿದೆ. ಕೊಂದರೆ ಕಡಿಮೆ ಅಂದರೂ ಮೂರು ವರ್ಷ ಜೈಲು. ಗಿಳಿಗೂ ಕಾಯ್ದೆಯ ರಕ್ಷಣೆ ಇದೆ. ಅದಿರಲಿ, ವಿಷದ ಕಾಳು ಮೊದಲು ತಿನ್ನೋದು ಪಕ್ಕದ ಮನೆ ಕೋಳಿ.


ಬೋರು-ಬದುಕು (ಚಿತ್ರದುರ್ಗ)

ಯಜಮಾನ್ರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಏನು ಹೇಳಲಿ. ಬೆಳಿಗ್ಗೆ ಹೋಗಿ ಹಣ್ಣು ಕಿತ್ತು ನೋಡಿದೆ. ಜಾಸ್ತಿ ಪಿಕಳಾರದ್ದೇ, ಮೂಲೆ ಮೂಲೆ ಗಾಯ. ಆದರೆ ಬೋರಿನ ಕಡೆಯ ಸಾಲುಗಳಲ್ಲಿ ತೊಟ್ಟಿನ ಹತ್ತಿರ ದುಂಡನೆ ತೂತು, ಒಳಗೆ ಹಸಿರು ಹುಳ ಸುರುಟಿಕೊಂಡು ಕೂತಿತ್ತು. ಅತ್ತೆಗೆ ತೋರಿಸಿದೆ. "ನಾನು ಅವತ್ತೇ ಹೇಳಿದ್ದೆ" ಅಂದರು. ಯಾವತ್ತು ಹೇಳಿದ್ದರೋ!

ಸೀರೆ ವಿಷಯ ಹೇಳಿದರೆ ಮನೆಯಲ್ಲಿ ಗಲಾಟೆ ಆಯಿತು. ಟ್ರಂಕಿನಲ್ಲಿ ಅತ್ತೆಯವು ಒಂದು ರಾಶಿ ಇವೆ, ಉಡೋದಿಲ್ಲ, ಕೊಡೋದೂ ಇಲ್ಲ. ನವಿಲಿಗೆ ಉಡಿಸೋಕೆ ನನ್ನ ಸೀರೆನೇ ಬೇಕಾ ಅಂತಾರೆ. ತವರಿನಿಂದ ತರಿಸುತ್ತೇನೆ.

ಎರಡು ಪ್ರಶ್ನೆ ಉಳಿದವು. ಹಾಗಲ ಚಪ್ಪರಕ್ಕೆ ಏನು ಮಾಡಲಿ? ಅಲ್ಲಿ ಕಂಬ, ತಂತಿ ಎಲ್ಲಾ ಇದೆ, ಅಷ್ಟಕ್ಕೆ ಮಾತ್ರ ಬಲೆ ಹಾಕಬಹುದಾ? ಮೀನಿನ ಬಲೆ ಅಗ್ಗಕ್ಕೆ ಸಿಗುತ್ತದೆ ಅಂತಾರೆ. ಇನ್ನೊಂದು, ನಾಯಿ ಸಾಕಿ ಹೊಲದಲ್ಲೇ ಕಟ್ಟಿದರೆ ನವಿಲು ಬರೋದಿಲ್ಲವಾ?


ಕೊಂಡುಕುರಿ ಸೀಮೆ (ಜಗಳೂರು)

ನಾಯಿ ಒಳ್ಳೇದೇ, ಆದರೆ ಜೋಗಿಮಟ್ಟಿ ಅಂಚಿನಲ್ಲಿ ರಾತ್ರಿ ಕಟ್ಟಬೇಡ. ಚಿರತೆಗೆ ನೀನೇ ಊಟ ಬಡಿಸಿದ ಹಾಗಾಗುತ್ತದೆ. ಬೆಳಿಗ್ಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗು. ನೀನೂ ಪೂರ್ತಿ ಬೆಳಕಾಗೋ ಮುಂಚೆ ಒಬ್ಬಳೇ ಹೋಗಬೇಡ, ಅಲ್ಲಿ ಕರಡಿ ಓಡಾಟ ಇದೆ. ನವಿಲು ಬೆಳಗಿನ ಮೊದಲ ಎರಡು ಗಂಟೆ, ಸಂಜೆ ಹೊತ್ತು ಮುಳುಗೋ ಮುಂಚೆ, ಈ ಎರಡೇ ಹೊತ್ತಿನಲ್ಲಿ ಜೋರು. ಅಷ್ಟು ಕಾದರೆ ಮುಕ್ಕಾಲು ಪಾಲು ಕಾದ ಹಾಗೆ.

ಚಪ್ಪರಕ್ಕೆ ಬಲೆ ಹಾಕು, ದುಡ್ಡು ಹಾಕೋದಾದರೆ ಅಲ್ಲಿಗೇ ಹಾಕು. 4 ಗುಂಟೆ ಅಂದರೆ ಮೇಲ್ಭಾಗ ಸುಮಾರು 400 ಚದರ ಮೀಟರ್, ಸುತ್ತ ಇಳಿಬಿಡೋದಕ್ಕೆ ಮತ್ತೆ ಸ್ವಲ್ಪ. ಆದರೆ ಮೀನಿನ ಬಲೆ ತರಬೇಡ. ಆ ಒಂಟಿ ಎಳೆ ದಾರ ಹಕ್ಕಿ ಕಣ್ಣಿಗೂ ಕಾಣೋದಿಲ್ಲ. ಕಾಜಾಣ ಸಿಕ್ಕಿಕೊಳ್ಳುತ್ತದೆ, ಗೂಬೆ ಸಿಕ್ಕಿಕೊಳ್ಳುತ್ತದೆ. ಕೆಳಗೆ ಇಳಿಬಿದ್ದ ತುದಿಯಲ್ಲಿ ಕೇರೆಹಾವು ಸುತ್ತಿಕೊಂಡು ಸಾಯುತ್ತದೆ. ಒಂದು ಕೇರೆ ಹೋದರೆ ಇಲಿಗೆ ಹಬ್ಬ. ನಮ್ಮೂರ ಕೆರೆ ಕೆಳಗಿನ ಒಂದು ತೋಟದಲ್ಲಿ ಕೇರೆ ಬಿಡಿಸೋಕೆ ನನ್ನನ್ನು ಕರೆದಿದ್ದರು. ದಾರ ಚರ್ಮದೊಳಗೆ ಇಳಿದಿತ್ತು. ಒಬ್ಬರು ಗೋಣಿಚೀಲದಲ್ಲಿ ತಲೆ ಒತ್ತಿ ಹಿಡಿದರು, ನಾನು ಉಗುರು ಕತ್ತರಿಸೋ ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿದೆ. ಬಿಟ್ಟ ಕೂಡಲೇ ಅದೇ ತೋಟದೊಳಗೇ ಹೋಯಿತು.

ಹೆಣೆದ ದಾರದ ಬಲೆ ಕೇಳು, ಮುಕ್ಕಾಲು ಇಂಚಿನ ಕಣ್ಣು ಇರಲಿ. ಪಿಕಳಾರವೂ ನುಗ್ಗೋದಿಲ್ಲ, ಜೇನುಹುಳ ಆರಾಮಾಗಿ ಬರುತ್ತದೆ. ಹಾಗಲದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಜೇನು ಬರದಿದ್ದರೆ ಕಾಯಿ ಕಚ್ಚೋದೇ ಇಲ್ಲ. ಕೆಲವರು ಅಗ್ಗ ಅಂತ ನೆರಳು ಪರದೆ ಹೊದಿಸಿ, ಬಳ್ಳಿ ಚೆನ್ನಾಗಿದೆ ಕಾಯಿ ಇಲ್ಲ ಅಂತ ಗೊಬ್ಬರ ಸುರಿಯುತ್ತಾರೆ. ಬಲೆ ಬಳ್ಳಿಗೆ ತಾಗದಂತೆ ಒಂದು ಅಡಿ ಎತ್ತರದಲ್ಲಿ ಬಿಗಿಯಾಗಿ ಎಳೆಯಬೇಕು. ಜೋತುಬಿದ್ದರೆ ಮೇಲೆ ಕೂತು ಕಣ್ಣೊಳಗಿಂದಲೇ ಕುಕ್ಕುತ್ತವೆ. ಕೆಳಗಿನ ಅಂಚು ನೆಲದಲ್ಲಿ ಗುಪ್ಪೆಯಾಗಿ ಬೀಳದಿರಲಿ, ಹಾವು ಸಿಕ್ಕೋದು ಅಲ್ಲೇ. ನೆಲಕ್ಕೆ ಒಂದು ಗೇಣು ಮೇಲೆ ತಂತಿಗೆ ಕಟ್ಟು.

ಈ ಸಲ ಬಲೆ ಬೇಡ ಅನಿಸಿದರೆ ಎಳೆ ಹಾಗಲಕ್ಕೆ ಹಳೇ ಪೇಪರಿನ ಕೊಳವೆ ತೊಡಿಸು, ತಳ ಮಡಿಸಿ ಪಿನ್ ಹೊಡಿ. ಹಣ್ಣುನೊಣವೂ ಮೊಟ್ಟೆ ಇಡೋಕೆ ಬರೋದಿಲ್ಲ. ನಿಮ್ಮತ್ತೆಯವರಿಗೆ ಕೂತು ಮಾಡೋ ಕೆಲಸ.


ವೇದಾವತಿ ಮಗಳು (ಹಿರಿಯೂರು)

ಯಜಮಾನರು ಎಲ್ಲಾ ಹೇಳಿದರು, ನೀರಿನ ಮಾತು ಬಿಟ್ಟರು. ನನಗೆ ತಿಳಿದ ಮಟ್ಟಿಗೆ ಬೇಸಿಗೆಯಲ್ಲಿ ಪಿಕಳಾರ, ಗೊರವಂಕ ಟೊಮೆಟೊ ಕುಕ್ಕೋದು ಅರ್ಧ ಹಸಿವಿಗೆ, ಅರ್ಧ ಬಾಯಾರಿಕೆಗೆ. ಮಾರ್ಚ್ ಬಂದರೆ ನಮ್ಮ ಜಿಲ್ಲೆಯಲ್ಲಿ ಹಳ್ಳ, ಗುಂಡಿ ಎಲ್ಲಾ ಒಣಗಿರುತ್ತವೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದಿದ್ದು 2022ರಲ್ಲಿ. ಅಂಥ ಸೀಮೆ ನಮ್ಮದು. ಟೊಮೆಟೊ ಅಂದರೆ ಹಕ್ಕಿಗೆ ನೀರಿನ ಉಂಡೆಯೇ ಅಲ್ವಾ? ನಮ್ಮ ಹೊಲದ ಆಚೆ ಬೇವಿನ ಮರದ ಕೆಳಗೆ ಅಗಲ ಬಾಯಿಯ ಮಣ್ಣಿನ ತಟ್ಟೆ ಇಟ್ಟಿದ್ದೇನೆ. ಡ್ರಿಪ್ಪಿನಿಂದ ಒಂದು ಸಣ್ಣ ಪೈಪು ಎಳೆದು ತೊಟ್ಟಿಕ್ಕೋ ಹಾಗೆ ಬಿಟ್ಟಿದ್ದೇನೆ, ದಿನಾ ತುಂಬೋ ತಾಪತ್ರಯ ಇಲ್ಲ. ಕುಕ್ಕಿದ ಹಣ್ಣು ಕಣ್ಣಿಗೆ ಕಾಣೋ ಹಾಗೆ ಕಡಿಮೆಯಾಗಿದೆ.

ಬದುವಿನಲ್ಲಿ ಒಂದು ಗಸಗಸೆ ಹಣ್ಣಿನ ಗಿಡವನ್ನೂ ಹಾಕಿ. ನೆಟ್ಟ ಒಂದೆರಡು ವರ್ಷಕ್ಕೇ ಹಣ್ಣು, ಹೆಚ್ಚುಕಮ್ಮಿ ವರ್ಷವಿಡೀ. ಪಿಕಳಾರಗಳು ಅಲ್ಲೇ ಇರುತ್ತವೆ.


ಕೊಂಡುಕುರಿ ಸೀಮೆ (ಜಗಳೂರು)

ನೀರಿನ ಮಾತು ಒಪ್ಪಿದೆ, ತಾಯಿ. ನನ್ನ ತಲೆಗೆ ಹೊಳೆದಿರಲಿಲ್ಲ. ಗಸಗಸೆ ಮರ ಮಾತ್ರ ಒಪ್ಪೋದಿಲ್ಲ. ವರ್ಷವಿಡೀ ಹಣ್ಣಿದ್ದರೆ ವರ್ಷವಿಡೀ ಹಕ್ಕಿ. ಅಲ್ಲಿ ತಿಂದು, ಬಾಯಿ ರುಚಿ ಬದಲಾಯಿಸೋಕೆ ಟೊಮೆಟೊಗೆ ಬರುತ್ತವೆ. ಹೊಲದಿಂದ ದೂರ, ಮನೆ ಹಿತ್ತಲಲ್ಲಾದರೆ ಸರಿ, ಬದುವಿನಲ್ಲಿ ಬೇಡ.


ವೇದಾವತಿ ಮಗಳು (ಹಿರಿಯೂರು)

ನನ್ನ ಬದುವಿನಲ್ಲೇ ಇದೆ ಯಜಮಾನ್ರೇ, ಟೊಮೆಟೊ ಅದರಿಂದ ನಾಲ್ಕು ಮಾರು ದೂರ. ಬಂದು ನೋಡಿ, ಆಮೇಲೆ ಹೇಳಿ. ಗಸಗಸೆ ಹಣ್ಣಿನ ಸಿಹಿ ಬಿಟ್ಟು ಹುಳಿ ಟೊಮೆಟೊಗೆ ಯಾರು ಬರುತ್ತಾರೆ?


ಎರೆಹೊಲ (ದಾವಣಗೆರೆ)

ನಮ್ಮ ಕಡೆ ಮಾಡೋದು ಹೇಳ್ತೀನಿ. ತರಕಾರಿ ಸುತ್ತ ನಾಲ್ಕು ಸಾಲು ಮುಸುಕಿನ ಜೋಳ ಒತ್ತಾಗಿ ಬಿತ್ತೋದು. ಎದೆಮಟ್ಟ ಬಂದರೆ ಗೋಡೆ ಇದ್ದ ಹಾಗೆ. ನವಿಲು ಒಳಗಿನದು ಕಾಣದೆ ಸುತ್ತು ಹಾಕಿ ಹೋಗುತ್ತೆ. ಮೆಣಸಿನ ಗಿಡಕ್ಕೆ ಎಲೆ ಮುದುಡೋ ಮುಟುರು ರೋಗ ತರೋ ನುಸಿ, ಬಿಳಿನೊಣದ ಕಾಟವೂ ಸ್ವಲ್ಪ ಕಡಿಮೆ.


ಬೋರು-ಬದುಕು (ಚಿತ್ರದುರ್ಗ)

ಅಣ್ಣಾ, ಮುಸುಕಿನ ಜೋಳ ಹಾಕಿದರೆ ಗಿಳಿಗೆ ನಾನೇ ಕರೆಯೋಲೆ ಕೊಟ್ಟ ಹಾಗಾಗೋದಿಲ್ಲವಾ?


ಎರೆಹೊಲ (ದಾವಣಗೆರೆ)

ತೆನೆ ಬಿಟ್ಟರೆ ಹಾಗೇ ಆಗುತ್ತೆ. ಹಾಲುಗಾಳು ಕಟ್ಟೋ ಮುಂಚೆ ಹಸಿ ಮೇವಿಗೆ ಕೊಯ್ದುಬಿಡಿ. ಮೊದಲು ಒಳಗಿನ ಎರಡು ಸಾಲು, ತಿಂಗಳು ಬಿಟ್ಟು ಹೊರಗಿನ ಎರಡು ಸಾಲು ಅಂತ ಹಿಂದೆ ಮುಂದೆ ಬಿತ್ತಿದರೆ ಒಂದು ಕೊಯ್ದಾಗ ಇನ್ನೊಂದು ಗೋಡೆ ಇರುತ್ತೆ. ಎಮ್ಮೆ ಇಲ್ಲದಿದ್ದರೆ ಮೇವು ಮಾರಿ, ಬೇಸಿಗೆಯಲ್ಲಿ ಹಸಿ ಮೇವಿಗೆ ಜನ ಹೊಲಕ್ಕೇ ಬರ್ತಾರೆ. ತರಕಾರಿ ನಾಟಿಗಿಂತ ಮೂರು ವಾರ ಮುಂಚೆ ಬಿತ್ತಬೇಕು, ಅದು ಮುಖ್ಯ. ಜೊತೆಗೆ ಬಿತ್ತಿದರೆ ಸಸಿಯೂ ಗಿಡ್ಡ, ಗೋಡೆಯೂ ಗಿಡ್ಡ.


ತಾರಸಿ ತೋಟ (ದಾವಣಗೆರೆ)

ಖಾರದ ನೀರು ಯಾಕೆ ಕೆಲಸ ಮಾಡಲಿಲ್ಲ ಅಂತ ಈಗ ಗೊತ್ತಾಯಿತು. ನಮ್ಮಲ್ಲಿ ಗುಬ್ಬಿ ಪಾಲಕ್ ಎಲೆ ಹರಿಯುತ್ತವೆ, ಸೊಳ್ಳೆಪರದೆ ಹಾಕುತ್ತೇನೆ. ಸೂರ್ಯಕಾಂತಿಗೆ ಕೋಳಿಮೊಟ್ಟೆ ನೀರು ಹೊಡೆಯುತ್ತಾರೆ ಅಂತ ಕೇಳಿದ್ದೆ, ಅದು ತರಕಾರಿಗೆ ಆಗುತ್ತದಾ?


ಕೊಂಡುಕುರಿ ಸೀಮೆ (ಜಗಳೂರು)

ಸೂರ್ಯಕಾಂತಿಗೆ ಆಗುತ್ತದೆ, ಆ ವಾಸನೆಗೆ ಗಿಳಿ ಹಿಂದೇಟು ಹಾಕುತ್ತದೆ. ಆದರೆ ಅದರ ಬೀಜ ಸಿಪ್ಪೆಯೊಳಗೆ ಇರುತ್ತದೆ, ಗಾಣಕ್ಕೆ ಹೋಗುತ್ತದೆ. ಹಸಿಯಾಗಿ ತಿನ್ನೋ ಕೊತ್ತಂಬರಿ, ಪಾಲಕ್, ಟೊಮೆಟೊಗೆ ಹಸಿ ಮೊಟ್ಟೆ ನೀರು ಬೇಡ ಮೇಡಂ. ಕಾಯಿಲೆ ತರಿಸಿಕೊಂಡ ಹಾಗೆ.

ಇನ್ನೊಂದು ಮಾತು ಮರೆತಿದ್ದೆ. ಟೊಮೆಟೊ ಕಾಯಿ ಹಸಿರಿರುವಾಗ ಎಕರೆಗೆ ಇಪ್ಪತ್ತರಂತೆ ಅಡ್ಡಪಟ್ಟಿ ಹೊಡೆದ ಕೋಲು ನಿಲ್ಲಿಸಿ. ಕಾಜಾಣ ಬಂದು ಕೂರುತ್ತದೆ, ಹುಳ ಹೆಕ್ಕುತ್ತದೆ. ಹತ್ತಿರದಲ್ಲಿ ಗೂಡು ಕಟ್ಟಿದರೆ ಕಾಗೆ, ಗಿಳಿ ಎಲ್ಲವನ್ನೂ ಅಟ್ಟಿಸಿಕೊಂಡು ಹೋಗುತ್ತದೆ, ತನಗಿಂತ ದೊಡ್ಡದು ಅಂತ ನೋಡೋದಿಲ್ಲ. ಹಣ್ಣು ಬಣ್ಣ ತಿರುಗೋಕೆ ಶುರುವಾದ ದಿನ ಕೋಲು ಕಿತ್ತುಬಿಡಬೇಕು. ಇಲ್ಲದಿದ್ದರೆ ಅದೇ ಕೋಲಿನ ಮೇಲೆ ಗೊರವಂಕ ಕೂತು ಯಾವ ಹಣ್ಣು ಚೆನ್ನಾಗಿದೆ ಅಂತ ಆರಿಸುತ್ತದೆ.


ಬೋರು-ಬದುಕು (ಚಿತ್ರದುರ್ಗ)

ಮನೆಯವರ ಜೊತೆ ಕೂತು ಲೆಕ್ಕ ಹಾಕಿದ್ದೀವಿ. ಈ ಸಲ ದುಡ್ಡು ಚಪ್ಪರದ ಬಲೆಗೆ ಮತ್ತು ಮಿಂಚುಪಟ್ಟಿಗೆ. ಸೀರೆ ಬೇಲಿ ಗುಡ್ಡದ ಕಡೆ ಮಾತ್ರ. ಟೊಮೆಟೊ ಇನ್ನು ಮೇಲೆ ದೋರಗಾಯಿಯಲ್ಲೇ ಕಿತ್ತು, ಗಾಡಿ ನಿಲ್ಲಿಸೋ ಕೋಣೆಯಲ್ಲಿ ಹರಡೋದು. ನೀರಿನ ತಟ್ಟೆ ಹುಣಸೆ ಮರದ ಕೆಳಗೆ ಇಟ್ಟಾಯಿತು, ಅದಕ್ಕೆ ಕಾಸು ಬೇಕಾಗಲಿಲ್ಲ. ಮುಸುಕಿನ ಜೋಳದ ಗೋಡೆ ಮುಂದಿನ ನಾಟಿಗೆ.

ಮುಕ್ಕಾಲು ಇಂಚಿನ ಹೆಣೆದ ಬಲೆ ದುರ್ಗದಲ್ಲಿ ಕೇಳಿದರೆ ಮೀನಿನ ಬಲೆಯನ್ನೇ ತೋರಿಸುತ್ತಾರೆ. ದಾವಣಗೆರೆಯಲ್ಲಿ ಸಿಗುತ್ತದಾ?


ಎರೆಹೊಲ (ದಾವಣಗೆರೆ)

ಸಿಗುತ್ತೆ ಅಕ್ಕ. ದ್ರಾಕ್ಷಿ, ದಾಳಿಂಬೆಗೆ ಹಾಕೋ ಹಕ್ಕಿ ಬಲೆ ಅಂತ ಕೇಳಿ, ಆಗ ಸರಿಯಾದ್ದು ತೆಗೀತಾರೆ. ಬಿಸಿಲು ತಡೆಯೋ ನೂಲಾ ಅಂತ ಕೇಳಿಕೊಳ್ಳಿ, ಇಲ್ಲದಿದ್ದರೆ ಒಂದೇ ಬೇಸಿಗೆಗೆ ಪುಡಿಪುಡಿ. ಕೊಳ್ಳೋ ಮುಂಚೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ, ನಿಮಗೆ ಹತ್ತಿರ ಆಗೋ ಹಿರಿಯೂರಿನ ಬಬ್ಬೂರು ಫಾರ್ಮಿನ ಕೇಂದ್ರದಲ್ಲೋ ಒಂದು ಮಾತು ಕೇಳಿ. ಸಬ್ಸಿಡಿ ಏನಾದರೂ ಇದೆಯಾ ಅಂತ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಪಹಣಿ ಕೈಯಲ್ಲಿರಲಿ.


ಹೊಳೆದಂಡೆ (ಹರಿಹರ)

ಸರಿ ಯಜಮಾನ್ರೇ, ಗನ್ ಬಿಟ್ಟೆ. ಹಂದಿಗೆ ಏನು ಮಾಡಬೇಕು ಅದನ್ನಾದರೂ ಹೇಳಿ.


ಕೊಂಡುಕುರಿ ಸೀಮೆ (ಜಗಳೂರು)

ಅದಕ್ಕೆ ಬೇರೆ ಪ್ರಶ್ನೆ ಹಾಕು ತಮ್ಮಾ, ಹಂದಿ ಮಾತು ಇಲ್ಲಿ ಮುಗಿಯೋದಲ್ಲ. ಎಷ್ಟು ಎಕರೆ, ಯಾವ ದಿಕ್ಕಿನಿಂದ ಬರುತ್ತವೆ, ಬೇಲಿ ಇದ್ದರೆ ಎಂಥದ್ದು, ಅಷ್ಟು ಬರಿ.